ಪಿಕಪ್‌ಗೆ ಮಡಚುವ ಗಟ್ಟಿ ಕವರ್: ಅಳತೆ, ಜೋಡಣೆ, ಸೋರಿಕೆ

ಕವರ್ ಹಾಕಿದ ಮೇಲೂ ಪಿಕಪ್‌ನ ಹಿಂದಿನ ಸಾಮಾನು ತೊಟ್ಟಿಯಲ್ಲಿ, ಅಂದರೆ ಬೆಡ್‌ನಲ್ಲಿ ನೀರು ನಿಂತರೆ ಎಲ್ಲರೂ ದೂರುವುದು ಪ್ಯಾನೆಲ್‌ಗಳನ್ನು. ಪ್ಯಾನೆಲ್‌ನಿಂದ ನೀರು ಇಳಿಯುವುದು ಅಪರೂಪ. ಅದು ಬರುವುದು ಕ್ಯಾಬಿನ್ ಕಡೆಯ ಅಂಚಿನಿಂದ, ಇಲ್ಲವೇ ಟೈಲ್‌ಗೇಟ್‌ನ (ಬೆಡ್‌ನ ಹಿಂಬಾಗಿಲು) ಎರಡು ಮೂಲೆಗಳಿಂದ. ಹಾಗಾಗಿ ದುಬಾರಿ ಕವರ್ ಸೊಟ್ಟಗೆ ಕೂತಿದ್ದರೆ ಸೋರುತ್ತದೆ, ಸಾಧಾರಣದ್ದು ನೇರವಾಗಿ ಕೂತಿದ್ದರೆ ಒಣಗಿರುತ್ತದೆ.

ಕೊಳ್ಳುವ ಮೊದಲು ಬೆಡ್ ಅಳೆಯಿರಿ. ಒಂದೇ ಹೆಸರಿನ ಗಾಡಿ ಸುಮಾರು 5.5, 6.5, 8 ಅಡಿ ಹೀಗೆ ಬೇರೆ ಬೇರೆ ಉದ್ದದ ಬೆಡ್‌ನಲ್ಲಿ ಬರುವುದುಂಟು. ಟೈಲ್‌ಗೇಟ್ ಮುಚ್ಚಿ, ಮುಂದಿನ ಗೋಡೆಯ ಒಳಮೈಯಿಂದ ಟೈಲ್‌ಗೇಟ್‌ನ ಒಳಮೈವರೆಗೆ, ಮೇಲಂಚಿನ ಮಟ್ಟದಲ್ಲೇ ಟೇಪ್ ಹಿಡಿಯಿರಿ. ನೆಲದ ಮೇಲೆ ಹಿಡಿದ ಅಳತೆ ಇದಕ್ಕಿಂತ ಬೇರೆ ಬರಬಹುದು. ಆಮೇಲೆ ಲೈನರ್, ಅಂದರೆ ಬೆಡ್ ಒಳಮೈಯ ರಕ್ಷಣಾ ಹೊದಿಕೆ ನೋಡಿ. ಸ್ಪ್ರೇ ಮಾಡಿದ್ದಾದರೆ ತೊಂದರೆಯಿಲ್ಲ. ಬೆಡ್ ಅಂಚಿನ ಮೇಲೆ ಮಡಚಿಕೊಂಡು ಕೂರುವ ಪ್ಲಾಸ್ಟಿಕ್ ಲೈನರ್ ಇದ್ದರೆ, ಕವರ್ ಕೂರುವ ಬದಿಯ ಪಟ್ಟಿಗಳನ್ನು (ರೈಲ್) ಬೆಡ್ ಗೋಡೆಗೆ ಬಿಗಿಯುವ ಕ್ಲಾಂಪ್‌ಗೆ ಲೋಹ ಸಿಗುವುದಿಲ್ಲ. ಪ್ರತಿ ಕ್ಲಾಂಪ್ ಬರುವ ಜಾಗದಲ್ಲಿ ಲೈನರ್ ಕತ್ತರಿಸಬೇಕು. ಪ್ಲಾಸ್ಟಿಕ್ಕಿನ ಮೇಲೇ ಬಿಗಿದರೆ ಬಿಸಿಲಿಗೆ ಅದು ಮೆತ್ತಗಾಗಿ ಹಿಡಿತ ಸಡಿಲವಾಗುತ್ತದೆ. ಬೆಡ್ ಗೋಡೆಯಲ್ಲಿ ಸಾಮಾನು ಕಟ್ಟುವ ಟ್ರ್ಯಾಕ್ ಇದ್ದರೆ ಅದಕ್ಕೆ ಹೊಂದುವ ಕ್ಲಾಂಪ್ ಕಿಟ್‌ನಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ರೈಲ್‌ಗಳ ನಡುವೆ ಸಮತಟ್ಟಾಗಿ ಕೂರುವ ಕವರ್ ನೋಡಲು ಚೆಂದ. ಆದರೆ ಅಂಚಿನಲ್ಲಿ ಇಳಿದ ನೀರು ರೈಲ್‌ನ ಕಾಲುವೆಯಲ್ಲಿ ಹರಿದು ಡ್ರೈನ್ ಪೈಪ್ ಮೂಲಕವೇ ಹೊರಹೋಗಬೇಕು. ಪೈಪ್ ಕಟ್ಟಿಕೊಂಡರೆ ನೀರು ಉಕ್ಕಿ ಬೆಡ್‌ಗೆ ಬೀಳುತ್ತದೆ. ಬೆಡ್ ಅಂಚಿನ ಮೇಲೆ ಕೂರುವ ಕವರ್ ಸ್ವಲ್ಪ ಉಬ್ಬಿ ಕಂಡರೂ ನೀರಿಗೆ ದಾರಿ ಕಡಿಮೆ. ಮಳೆ ಹೆಚ್ಚಿದ್ದಲ್ಲಿ ನನ್ನ ಆಯ್ಕೆ ಅದೇ. ಮೇಲೆ ಎಷ್ಟು ತೂಕ ಹೇರಬಹುದು ಎಂದು ಕಂಪನಿ ಕೊಡುವ ಅಂಕಿ ಇಡೀ ಕವರ್ ಮೇಲೆ ಸಮನಾಗಿ ಹರಡಿದ, ಅಲುಗಾಡದ ತೂಕಕ್ಕೆ. ಒಬ್ಬ ಮನುಷ್ಯ ಹತ್ತಿ ನಿಂತರೆ ಅಷ್ಟೂ ಭಾರ ಎರಡು ಪಾದಗಳ ಜಾಗದಲ್ಲಿ ಬೀಳುತ್ತದೆ, ಪ್ಯಾನೆಲ್ ಒಳಗೆ ತಗ್ಗುತ್ತದೆ.

ಜೋಡಣೆಗೆ ಇಬ್ಬರು ಬೇಕು. ಬೆಡ್‌ನ ಮೇಲಂಚನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಸಂದು ಮುಚ್ಚುವ ರಬ್ಬರ್ ಪಟ್ಟಿ (ಸೀಲ್) ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮುಂದಿನ ಗೋಡೆಯ ಸೀಲ್ ಒಂದೇ ತುಂಡಾಗಿ ಮೂಲೆಯಿಂದ ಮೂಲೆಗೆ ಹೋಗಬೇಕು. ಅಂಟಿಸುವಾಗ ಎಳೆಯಬೇಡಿ: ಎಳೆದ ರಬ್ಬರ್ ಕೆಲವು ದಿನಗಳಲ್ಲಿ ಹಿಂದೆ ಸರಿದು ಎರಡೂ ತುದಿಯಲ್ಲಿ ಸಂದು ಬಿಡುತ್ತದೆ, ನೀರಿಗೆ ಅಷ್ಟು ಸಾಕು. ಮೇಲ್ಮೈ ತಣ್ಣಗಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಂದು ದಿನವಾದರೂ ತೊಳೆಯದೆ ಬಿಡಿ.

ಎರಡೂ ರೈಲ್‌ಗಳನ್ನು ಮುಂದಕ್ಕೆ ತಳ್ಳಿ ಕ್ಲಾಂಪ್‌ಗಳನ್ನು ಬೆರಳಿನಲ್ಲಷ್ಟೇ ಬಿಗಿಯಿರಿ. ಈಗ ರೈಲ್‌ಗಳ ನಡುವಿನ ಅಗಲವನ್ನು ಮುಂದೆ, ಮಧ್ಯೆ, ಹಿಂದೆ ಅಳೆಯಿರಿ, ಕರ್ಣಗಳನ್ನೂ ಅಳೆಯಿರಿ. ಎರಡು ಕರ್ಣ ಸಮವಾಗಿಲ್ಲದಿದ್ದರೆ ಒಂದು ರೈಲ್ ಹಿಂದೆ ಉಳಿದಿದೆ ಎಂದರ್ಥ. ಮಡಚಿದ ಕವರ್ ಅನ್ನು ಮುಂದುಗಡೆ ಇಟ್ಟು ಬಿಚ್ಚಿ, ಎರಡೂ ಬದಿಯ ಸಂದು ಹೋಲಿಸಿ, ಟೈಲ್‌ಗೇಟ್ ಅನ್ನು ನಿಧಾನವಾಗಿ ಮುಚ್ಚಿ ನೋಡಿ. ಅದು ಕವರ್‌ಗೆ ತಾಗಿದರೆ ಅಥವಾ ಒತ್ತಿ ಮುಚ್ಚಬೇಕಾದರೆ ಇಡೀ ಜೋಡಣೆ ಹಿಂದಕ್ಕೆ ಬಂದಿದೆ. ಇದೆಲ್ಲ ಸರಿಹೋದ ಮೇಲಷ್ಟೇ ಮುಂದಿನಿಂದ ಹಿಂದಕ್ಕೆ, ಎಡ ಬಲ ಬದಲಿಸುತ್ತಾ, ಕೈಪಿಡಿ ಹೇಳಿದ ಟಾರ್ಕ್‌ಗೆ (ತಿರುಗಿಸಿ ಬಿಗಿಯುವ ಬಲ) ಬಿಗಿಯಿರಿ. ಇಂಪ್ಯಾಕ್ಟ್ ಗನ್ ಮುಟ್ಟಬೇಡಿ. ಹೆಚ್ಚು ಬಿಗಿದರೆ ರೈಲ್ ಒಳಕ್ಕೆ ವಾಲಿ ಸೀಲ್ ಎದ್ದುಬಿಡುತ್ತದೆ, ಅಲ್ಯೂಮಿನಿಯಂ ಥ್ರೆಡ್ ಹರಿಯುತ್ತದೆ.

ಡ್ರೈನ್ ಪೈಪ್‌ಗೆ ಬೆಡ್‌ನ ಮುಂದಿನ ಮೂಲೆಗಳಲ್ಲಿ ರಬ್ಬರ್ ಮುಚ್ಚಳ ಹಾಕಿದ ತೂತು ಇದೆಯೇ ಎಂದು ಮೊದಲು ಹುಡುಕಿ. ಕೊರೆಯಲೇಬೇಕಾದರೆ ಕೆಳಗೆ ವೈರು, ಬ್ರೇಕ್ ಲೈನ್ ಇಲ್ಲವೆಂದು ನೋಡಿಕೊಳ್ಳಿ. ಅಂಚನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿ, ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿ. ಬಣ್ಣ ಕಾಣದ ಅಂಚಿನಿಂದಲೇ ತುಕ್ಕು ಶುರು. ಪೈಪ್ ಎಲ್ಲೂ ಮುರಿದು ಬಾಗದೆ ಇಳಿಜಾರಾಗಿ ಸಾಗಬೇಕು, ಸೈಲೆನ್ಸರ್‌ಗೆ ತಾಗಬಾರದು.

ಪರೀಕ್ಷೆಗೆ ಬೆಡ್‌ನಲ್ಲಿ ಒಣ ಪತ್ರಿಕೆ ಹಾಸಿ, ಸಾದಾ ಪೈಪಿನ ನೀರನ್ನು ಮೊದಲು ಮುಂದಿನ ಅಂಚಿಗೆ ಬಿಟ್ಟು ಕಾಗದ ನೋಡಿ. ಆಮೇಲೆ ಬದಿಗಳು, ಕೊನೆಗೆ ಟೈಲ್‌ಗೇಟ್. ಎಲ್ಲಕ್ಕೂ ಒಟ್ಟಿಗೆ ನೀರು ಬಿಟ್ಟರೆ ಸೋರುವ ಜಾಗ ಗೊತ್ತಾಗುವುದಿಲ್ಲ. ಪ್ರೆಶರ್ ವಾಷರ್ ಬೇಡ, ಅದರ ರಭಸಕ್ಕೆ ಒಳ್ಳೆಯ ಸೀಲ್ ಕೂಡ ಸರಿಯುತ್ತದೆ.

ಧೂಳಿನ ಮಾತು ಬೇರೆ. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ತಗ್ಗಿ, ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುಳಿದು ಟೈಲ್‌ಗೇಟ್ ಸಂದಿನಿಂದ ಒಳನುಗ್ಗುತ್ತದೆ. ಟೈಲ್‌ಗೇಟ್ ಸೀಲ್ ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕು, ಕೊಳ್ಳಿ. ಬೆಡ್ ನೆಲದ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಟೈಲ್‌ಗೇಟ್‌ಗೆ ಬೀಗವಿಲ್ಲದಿದ್ದರೆ ಗಟ್ಟಿ ಕವರ್‌ನಿಂದ ಭದ್ರತೆಯಿಲ್ಲ. ಸೆಂಟ್ರಲ್ ಲಾಕ್ ಒತ್ತಿದಾಗ ಟೈಲ್‌ಗೇಟ್‌ಗೂ ಬೀಗ ಬೀಳುತ್ತದೆಯೇ ಎಂದು ಎಳೆದು ನೋಡಿ, ಎಷ್ಟೋ ಗಾಡಿಗಳಲ್ಲಿ ಅದು ಪ್ರತ್ಯೇಕ. ಮಡಚಿದ ಕವರ್ ಅನ್ನು ಪಟ್ಟಿ ಕಟ್ಟದೆ ರಸ್ತೆಗೆ ಒಯ್ಯಬೇಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಾಂಪ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ರಬ್ಬರಿಗೆ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ಊದಿ ಹಾಳಾಗುತ್ತದೆ. ಸಿಲಿಕೋನ್ ಆಧಾರಿತ ಸ್ಪ್ರೇ ಸಾಕು.