ಸೀಮಂತ ಮುಗಿಸಿ ತವರಿಗೆ ಹೊರಡುವ ಮುನ್ನ: ಹೆಪಟೈಟಿಸ್ ಬಿ ಇದ್ದ ಬಸುರಿಯರಿಗೆ

ಎಚ್‌ಬಿಎಸ್‌ಎಜಿ (ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆ) ಪಾಸಿಟಿವ್ ಅಂತ ರಿಪೋರ್ಟ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ಬೇರೆಯಾಗುವುದು ಸೊಸೆಯ ತಟ್ಟೆ-ಲೋಟ. ಅದು ಬೇಡ. ಒಂದೇ ತಟ್ಟೆಯಲ್ಲಿ ಉಂಡರೂ ಈ ವೈರಸ್ ಹರಡದು. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ. ಬೇರೆ ಇಡಬೇಕಾದದ್ದು ಬ್ಲೇಡು, ಟೂತ್‌ಬ್ರಶ್, ನೇಲ್‌ಕಟರ್. ಗಂಡನಿಗೂ ಟೆಸ್ಟ್ ಮಾಡಿಸಿ. ಸೋಂಕೂ ರಕ್ಷಣೆಯೂ ಇಲ್ಲದಿದ್ದರೆ 0, 1, 6 ತಿಂಗಳಿಗೆ ಲಸಿಕೆ.

ಮುಂದಿನದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ಮಿಲಿಲೀಟರಿಗೆ 2 ಲಕ್ಷ ಐಯು ದಾಟಿದ್ದರೆ ವೈರಸ್ ತಗ್ಗಿಸುವ ಮಾತ್ರೆ ಟೆನೋಫೋವಿರ್ 300 ಮಿಲಿಗ್ರಾಂ, ದಿನಕ್ಕೊಂದು, ಸಾಮಾನ್ಯವಾಗಿ 28ನೇ ವಾರದಿಂದ. ಅಂದರೆ ಏಳನೇ ತಿಂಗಳು, ನಮ್ಮವರು ಸೀಮಂತ ಮುಗಿಸಿ ತವರಿಗೆ ಹೊರಡುವ ಹೊತ್ತು. ಎಡವಟ್ಟಾಗುವುದೂ ಇಲ್ಲೇ: ತೋರಿಸಿದ್ದು ಡೊಂಬಿವಿಲಿಯಲ್ಲಿ, ಹೆರಿಗೆ ಕುಂದಾಪುರದಲ್ಲಿ, ಫೈಲು ಮುಂಬೈಯ ಕಪಾಟಿನಲ್ಲಿ! ಹೆರಿಗೆಯಾಗಿ ಒಂದೆರಡು ತಿಂಗಳಿಗಾಗುವಷ್ಟು ಮಾತ್ರೆ ಕಟ್ಟಿಕೊಳ್ಳಿ. ಕಾಮಾಲೆಯ ನಾಟಿ ಮದ್ದಿಗೆ ಅಜ್ಜಿ ಎಷ್ಟೇ ಒತ್ತಾಯಿಸಲಿ, ಬೇಡ.

ಹೆರುವ ಆಸ್ಪತ್ರೆಗೆ ತಿಂಗಳ ಮೊದಲೇ ಫೋನ್ ಮಾಡಿ ಒಂದೇ ಮಾತು ಕೇಳಿ: 'ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ಫ್ರಿಜ್‌ನಲ್ಲಿದೆಯಾ?' ಮಗುವಿಗೆ ಹುಟ್ಟಿದೊಡನೆ ಚುಚ್ಚುವ, ವೈರಸ್ ತಡೆಯುವ ಸಿದ್ಧ ಪ್ರತಿಕಾಯದ ಮದ್ದು ಅದು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸದಾ ಇರುವುದಿಲ್ಲ, ಭಾನುವಾರ ರಾತ್ರಿ ಹುಡುಕಿದರೆ ಸಿಗುವುದೂ ಇಲ್ಲ. ನೀವೇ ತರುವುದಾದರೆ ಐಸ್‌ಪ್ಯಾಕ್ ಜೊತೆ ತಂದು 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಜರ್‌ಗೆ ಹಾಕಿದರೆ ಹಾಳು. ಫ್ರಿಜ್‌ನ ಬಾಗಿಲಲ್ಲೂ ಬೇಡ, ತೆರೆದು ಮುಚ್ಚುವಾಗ ಬಿಸಿ ತಾಗುತ್ತದೆ.

ಮಗು ಹುಟ್ಟಿದ 12 ಗಂಟೆಯೊಳಗೆ ಎರಡೂ ಚುಚ್ಚುಮದ್ದು: ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್. ಎರಡನೆಯದು ತಡವಾದರೆ ಅದಕ್ಕಾಗಿ ಲಸಿಕೆಯನ್ನು ಕಾಯಿಸಬೇಡಿ. ಹುಟ್ಟುವಾಗಲೇ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90%ಗೆ ಅದು ದೀರ್ಘಕಾಲ ಉಳಿದುಬಿಡುತ್ತದೆ, ಅದಕ್ಕೇ ಈ ಅವಸರ. ಇಷ್ಟು ಮಾಡಿದರೆ ಬಹುಪಾಲು ಮಕ್ಕಳಿಗೆ ತಗುಲುವುದಿಲ್ಲ.

ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ಮೊದಲ ದಿನದಿಂದಲೇ ಕೊಡಿ. ತೊಟ್ಟು ಒಡೆದು ರಕ್ತ ಬಂದರೆ ಮಾತ್ರ ವಾಸಿಯಾಗುವವರೆಗೆ ಆ ಬದಿ ಬಿಡಿ. ಹೆರಿಗೆಯಾಯಿತೆಂದು ಟೆನೋಫೋವಿರ್ ನೀವಾಗಿ ನಿಲ್ಲಿಸಬೇಡಿ. ಬಾಣಂತಿಯರ ಲಿವರ್ ಕೆಲವೊಮ್ಮೆ ಆಗಲೇ ಕೆರಳುತ್ತದೆ.

6, 10, 14 ವಾರಕ್ಕೆ ಪೆಂಟಾವೇಲೆಂಟ್, ಹೆಪಟೈಟಿಸ್ ಬಿಯದ್ದೂ ಸೇರಿದ ಲಸಿಕೆ. ಮುಂಬೈಗೆ ಮರಳುವಾಗ ಲಸಿಕೆಯ ಕಾರ್ಡು ಮರೆಯದಿರಲಿ. ಮಗುವಿನ ರಕ್ತಪರೀಕ್ಷೆ 9 ತಿಂಗಳು ತುಂಬಿದ ಮೇಲೆಯೇ; ಅದಕ್ಕೂ ಮುಂಚೆ ಚುಚ್ಚಿದ ಪ್ರತಿಕಾಯವೇ ಮಗುವಿನದ್ದೆಂಬಂತೆ ಕಾಣುತ್ತದೆ. ಎಚ್‌ಬಿಎಸ್‌ಎಜಿ ನೆಗೆಟಿವ್, ಆ್ಯಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯ) 10 ಅಥವಾ ಮೇಲೆ: ಆ ಕಾಗದದಲ್ಲಿ ನೋಡಬೇಕಾದದ್ದು ಇವೆರಡೇ.