ಅಜ್ಜಿಯ ಮೂಗುತಿ ಮತ್ತು 85 ಎಂಎಂ ಲೆನ್ಸು

ಸೆಕೆಂಡ್ ಹ್ಯಾಂಡ್ ನಿಕಾನ್ 85 ಎಂಎಂ ಎಫ್/1.8ಡಿ ಲೆನ್ಸ್ ತಗೊಂಡು ಆರು ತಿಂಗಳಾಯ್ತು. ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ) ಹಿಗ್ಗಿಸಿ ಕುಗ್ಗಿಸೋ ರಿಂಗ್ ಲೆನ್ಸ್ ಮೇಲೇ ಇರೋದ್ರಿಂದ ನನ್ನ ಎಫ್‌ಎಂ2 ಫಿಲ್ಮ್ ಕ್ಯಾಮೆರಾಗೂ ಡಿಜಿಟಲ್ ಡಿ750ಗೂ ಇದೊಂದೇ ಸಾಕು. ಆದರೆ ಲೆನ್ಸ್ ಒಳಗೆ ಫೋಕಸ್ ಮಾಡೋ ಮೋಟರ್ ಇಲ್ಲ. ಡಿ3500, ಡಿ5600 ತರ ತನ್ನೊಳಗೂ ಮೋಟರ್ ಇಲ್ಲದ ಕ್ಯಾಮೆರಾ ಇದ್ದವರು ಫೋಕಸ್ ಕೈಯಲ್ಲೇ ತಿರುಗಿಸಬೇಕು, ನೋಡ್ಕೊಳ್ಳಿ.

ಮೊನ್ನೆ ಸಂಜೆ ಜಗಲಿ ಮೇಲೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದ ಅಜ್ಜಿಯನ್ನು ಒಂದು ಮೀಟರ್ ದೂರದಿಂದ ಕಿಂಡಿ ಪೂರ್ತಿ ತೆರೆದು, ಅಂದ್ರೆ ಎಫ್/1.8ರಲ್ಲೇ ತೆಗೆದೆ. ಮೂಗುತಿ ಏನ್ ಶಾರ್ಪ್ ಅಂತೀರಿ, ಕಣ್ಣು ಮಾತ್ರ ಮಸುಕು! ಅಷ್ಟು ಹತ್ತಿರದಲ್ಲಿ ಹಿಂದೆಮುಂದೆ ಸೇರಿ ಸುಮಾರು ಒಂದೂವರೆ ಸೆಂಟಿಮೀಟರ್ ಆಳ ಮಾತ್ರ ಶಾರ್ಪ್ ಆಗಿರುತ್ತೆ, ತಪ್ಪು ನನ್ನದೇ. ಕಿಂಡಿ ಕಿರಿದು ಮಾಡಿ 2.8ಕ್ಕೆ ಇಟ್ಟೆ. ಕಣ್ಣಿನ ಸುತ್ತಲ ಸುಕ್ಕು ಒಂದೊಂದೂ ಕಾಣಿಸ್ತು, ಹಿಂದಿನ ತೆಂಗಿನಗರಿ ಕರಗಿ ಹಸಿರು ಬಣ್ಣವಾಗಿಬಿಟ್ಟಿತ್ತು, 1.8ರಲ್ಲಿ ಬಿಳಿ ಸೆರಗಿನ ಅಂಚಲ್ಲಿ ಲೆನ್ಸ್‌ನಿಂದಾಗಿ ಮೂಡಿದ್ದ ನೇರಳೆ ಗೆರೆಯೂ ಹೆಚ್ಚುಕಮ್ಮಿ ಮಾಯ.

ಫಿಲ್ಮಲ್ಲಿ ಬೇರೆ ತಲೆನೋವು. 400 ಐಎಸ್ಒ (ಫಿಲ್ಮ್ ಬೆಳಕನ್ನು ಹಿಡಿಯೋ ಶಕ್ತಿಯ ಅಳತೆ) ರೋಲ್ ಹಾಕಿದರೆ ಮಟಮಟ ಮಧ್ಯಾಹ್ನ ಶಟರ್ 1/4000 ಸೆಕೆಂಡಿಗೆ ಇಟ್ಟರೂ ಬೆಳಕು ಜಾಸ್ತಿಯಾಗಿ, ಕಿಂಡಿ ಕಿರಿದು ಮಾಡಿ ಎಫ್/5.6 ಆಸುಪಾಸಿಗೇ ನಿಲ್ಲಬೇಕು, 1.8ಕ್ಕೆ ಕೊಟ್ಟ ದುಡ್ಡು ಸುಮ್ನೆ ಅಲ್ವಾ? ಅದಕ್ಕೇ ಸಂಜೆಗೆ ಕಾಯ್ತೀನಿ. ರೋಲಲ್ಲಿ ಇನ್ನೂ ನಾಲ್ಕು ಫ್ರೇಮ್ ಉಳಿದಿದೆ, ಅಜ್ಜಿ ಮಾತ್ರ ಕೈಗೆ ಸಿಗ್ತಿಲ್ಲ.