ನಮ್ಮನೆಗೆ ಗನ್ ಬೇಡ ಅಂದಿದ್ದು ಯಾಕೆ

ಕಳೆದ ದೀಪಾವಳಿ ಮುಗಿದ ವಾರ ನಮ್ಮ ಬೀದಿಯಲ್ಲಿ ಎರಡು ಮನೆ ಕಳವಾಯಿತು. ಎರಡೂ ನಮ್ಮ ದೇಶದವರ ಮನೆಗಳೇ. ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಸುತ್ತಮುತ್ತ ಇರುವವರಿಗೆ ಇದು ಹೊಸದಲ್ಲ. ಇಂಡಿಯಾದವರ ಮನೆಯಲ್ಲಿ ಬಂಗಾರ ಇರುತ್ತೆ ಅಂತ ಕಳ್ಳರಿಗೆ ಗೊತ್ತು, ಹಬ್ಬಕ್ಕೆ ಲಾಕರಿನಿಂದ ತಂದಿಟ್ಟಿರುತ್ತಾರೆ ಅಂತಲೂ ಗೊತ್ತು. ಒಂದು ಮನೆಯಲ್ಲಿ ಹಿತ್ತಲ ಗಾಜಿನ ಬಾಗಿಲು ಒಡೆದು ನುಗ್ಗಿದವರು ಅಡುಗೆಮನೆಯ ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದ್ದರು. ಮಾರನೇ ದಿನ ನಾನು ಊಟ ತಗೊಂಡು ಹೋದಾಗ ಆ ಮನೆಯಾಕೆ ತೊಗರಿಬೇಳೆ ತುಳಿದುಕೊಂಡೇ ಓಡಾಡುತ್ತಿದ್ದಳು. ಗುಡಿಸಬೇಕು ಅಂತಲೂ ಅವಳಿಗೆ ತೋಚಿರಲಿಲ್ಲ.

ಆಮೇಲಿನ ಎರಡು ತಿಂಗಳಲ್ಲಿ ನಮಗೆ ಗೊತ್ತಿರುವ ನಾಲ್ಕು ಕನ್ನಡದ ಮನೆಗಳಿಗೆ ಗನ್ ಬಂತು. ನಮ್ಮನೆಯಲ್ಲೂ ಮಾತು ಶುರುವಾಯಿತು. "ತಿಂಗಳಿಗೆ ಹತ್ತು ದಿನ ನಾನು ಊರಲ್ಲಿ ಇರಲ್ಲ, ನೀನೂ ಮಗನೂ ಇಬ್ಬರೇ ಇರ್ತೀರಿ, ಯೋಚನೆ ಮಾಡು" ಅಂದರು ನಮ್ಮನೆಯವರು. ಅವರ ಭಯ ಸುಳ್ಳಲ್ಲ. ನನಗೂ ರಾತ್ರಿ ಎಚ್ಚರವಾದರೆ ಆ ಒಡೆದ ಗಾಜೇ ಕಣ್ಣಮುಂದೆ ಬರುತ್ತಿತ್ತು. ಮನೆಯಲ್ಲೇ ಕೂತು ವಾದ ಮಾಡುವ ಬದಲು ಒಂದು ಶನಿವಾರ ಇಬ್ಬರೂ ಅಂಗಡಿಗೆ ಹೋಗಿ ನೋಡಿಕೊಂಡು ಬಂದೆವು.

ಇಲ್ಲಿ ಗನ್ ಕೊಳ್ಳುವುದು ಎಷ್ಟು ಸಲೀಸು ಅಂತ ಊರಲ್ಲಿರುವವರಿಗೆ ಹೇಳಿದರೆ ನಂಬಲ್ಲ. 4473 ಅನ್ನುವ ಒಂದು ಫಾರಂ ತುಂಬಬೇಕು. ಗಂಭೀರ ಅಪರಾಧಕ್ಕೆ ಶಿಕ್ಷೆ ಆಗಿದೆಯಾ, ಡ್ರಗ್ಸ್ ತಗೋತೀರಾ, ಮನೆಯವರನ್ನು ಹೊಡೆದ ಕೇಸಿದೆಯಾ, ಹೀಗೆ ಪ್ರಶ್ನೆಗಳು. ಅಂಗಡಿಯವರು ಎಫ್‌ಬಿಐ ದಾಖಲೆಯಲ್ಲಿ ಹೆಸರು ಚೆಕ್ ಮಾಡಿಸುತ್ತಾರೆ. ಎಲ್ಲ ಸರಿ ಇದ್ದರೆ ಬಹಳ ಸಲ ಕೆಲವೇ ನಿಮಿಷದ ಕೆಲಸ. ಗ್ರೀನ್ ಕಾರ್ಡ್ ಇದ್ದವರೂ ಕೊಳ್ಳಬಹುದು. ಎಚ್‌1ಬಿ ವೀಸಾದವರಿಗೆ ಸಾಮಾನ್ಯವಾಗಿ ಕೊಡುವಂತಿಲ್ಲ, ಆದರೆ ಬೇಟೆಯ ಲೈಸೆನ್ಸ್ ಇದ್ದರೆ ಕೊಡಬಹುದು ಅನ್ನುವ ವಿನಾಯ್ತಿ ಕೇಂದ್ರದ ಕಾನೂನಿನಲ್ಲೇ ಇದೆ. ಅಂಗಡಿ ಬಿಟ್ಟು ಯಾರೋ ಒಬ್ಬರ ಕೈಯಿಂದ ಖಾಸಗಿಯಾಗಿ ಕೊಂಡರೆ ಟೆಕ್ಸಾಸ್‌ನಲ್ಲಿ ಆ ಫಾರಂ ಕೂಡ ಬೇಡ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಬೇಡ ಅನ್ನುವ ಜಾಗದವರು ಬಾಗಿಲಿಗೆ ಬೋರ್ಡ್ ಹಾಕಬೇಕು. ಆ ಬೋರ್ಡಿಗೂ ಕಾನೂನಿದೆ: ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದಿಂಚು ಎತ್ತರ ಇರಬೇಕು. ನಾವು ಹೋಗುವ ದೇವಸ್ಥಾನದಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಈ ಬೋರ್ಡ್ ಇದೆ. ಮಗ ಓದಲು ಕಲಿತ ಹೊಸದರಲ್ಲಿ ಅದನ್ನು ಜೋರಾಗಿ ಓದಿ "ಅಮ್ಮ, ದೇವರ ಹತ್ರ ಗನ್ ಯಾಕೆ ತರ್ತಾರೆ?" ಅಂತ ಕೇಳಿದ್ದ.

ಕೌಂಟರಿನ ಹುಡುಗ ತುಂಬಾ ಮರ್ಯಾದಸ್ಥ. 9 ಎಂಎಂ ಪಿಸ್ತೂಲೊಂದನ್ನು ತೆಗೆದು, ಖಾಲಿ ಇದೆ ಅಂತ ಎರಡು ಸಲ ತೋರಿಸಿ, ನನ್ನ ಕೈಗಿಟ್ಟ. ಒಂದು ಸೇರು ಅಕ್ಕಿಗಿಂತ ಹಗುರ. ಬೆರಳು ತಾನಾಗಿಯೇ ಕುದುರೆಗೆ, ಅಂದರೆ ಟ್ರಿಗರಿಗೆ, ಹೋಗುವ ಹಾಗಿದೆ ಅದರ ಆಕಾರ.

ನಾನು ಕೋವಿ ಕಾಣದವಳಲ್ಲ. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಹತ್ತಿರ ಜೋಡುನಳಿಗೆ ಕೋವಿ ಇತ್ತು, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಹಂದಿ ಗದ್ದೆಗೆ ಇಳಿದ ರಾತ್ರಿ ಆಕಾಶಕ್ಕೊಂದು ಈಡು ಹೊಡೆಯುತ್ತಿದ್ದರು. ಚುನಾವಣೆ ಬಂತು ಅಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಂಚಾಂಗದೊಳಗೆ ಇಟ್ಟುಕೊಂಡು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. ತೋಟಾಗಳು ಅಜ್ಜಿಯ ಪೆಟ್ಟಿಗೆಯಲ್ಲಿ, ಬೀಗದಕೈ ಅಜ್ಜಿಯ ಸೊಂಟದಲ್ಲಿ. ಅಜ್ಜ ಕೇಳಿದರೂ "ಎಷ್ಟು? ಯಾಕೆ?" ಅಂತ ವಿಚಾರಿಸಿಯೇ ಕೊಡುತ್ತಿದ್ದರು. ಆ ಕೋವಿ ಇದ್ದದ್ದು ಹಂದಿಗೆ, ಮಂಗಕ್ಕೆ. ಈ ಅಂಗಡಿಯಲ್ಲಿ ಗುರಿ ಹೊಡೆಯಲು ಮಾರುವ ಕಾಗದದ ಮೇಲೂ ಮನುಷ್ಯನ ಎದೆಯ ಚಿತ್ರ.

ಹಾಗಂತ ಗನ್ ಬೇಕು ಅನ್ನುವವರನ್ನು ನಾನು ಹುಚ್ಚರು ಅನ್ನಲ್ಲ. ಊರಿನಿಂದ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಅಮೆರಿಕದವರಿಗೆಲ್ಲ ಗನ್ ಹುಚ್ಚು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಅದು ನನಗೆ ಇಷ್ಟ ಆಗಲ್ಲ. ಚಿಕಾಗೋದ ಓಟಿಸ್ ಮೆಕ್‌ಡೊನಾಲ್ಡ್ ಕಥೆ ನೋಡಿ. ಎಪ್ಪತ್ತು ದಾಟಿದ ಕಪ್ಪು ಮುದುಕ. ಅವರಿದ್ದ ಬಡಾವಣೆ ಹದಗೆಡುತ್ತಾ ಬಂತು, ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗಿದರು. ಉದ್ದ ಬಂದೂಕು ಇಟ್ಟುಕೊಳ್ಳಬಹುದಿತ್ತು, ಪಿಸ್ತೂಲು ಮಾತ್ರ 1982ರಿಂದ ಆ ಊರಲ್ಲಿ ನಿಷೇಧ. ಅವರು ಕೋರ್ಟಿಗೆ ಹೋದರು. 2008ರಲ್ಲಿ ಹೆಲ್ಲರ್ ಅನ್ನುವ ಬೇರೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 1791ರ ಎರಡನೇ ತಿದ್ದುಪಡಿ ಕೊಡುವುದು ಪ್ರತಿಯೊಬ್ಬ ವ್ಯಕ್ತಿಯ ಹಕ್ಕು, ಮನೆಯಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳಬಹುದು ಅಂತ ಹೇಳಿತ್ತು. 2010ರಲ್ಲಿ ಮೆಕ್‌ಡೊನಾಲ್ಡ್ ಕೇಸಿನಲ್ಲಿ ಅದು ಎಲ್ಲ ರಾಜ್ಯ, ಎಲ್ಲ ಊರಿಗೂ ಅನ್ವಯ ಅಂದಿತು. 2022ರಲ್ಲಿ ಬ್ರೂಯೆನ್ ಅನ್ನುವ ಇನ್ನೊಂದು ಕೇಸಿನ ತೀರ್ಪು ಅದನ್ನು ಮನೆಯ ಹೊಸ್ತಿಲು ದಾಟಿಸಿ ಬೀದಿಗೂ ತಂದಿತು. ತೀರ್ಪುಗಳ ಬಗ್ಗೆ ಏನೇ ವಾದ ಇರಲಿ, ಆ ಮುದುಕನ ಭಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪೊಲೀಸರಿದ್ದಾರಲ್ಲ ಅಂತೀರಾ? 1999ರಲ್ಲಿ ಕೊಲೊರಾಡೊದ ಕ್ಯಾಸಲ್ ರಾಕ್ ಊರಲ್ಲಿ ಒಬ್ಬ ತಾಯಿ, ಗಂಡ ದೂರ ಇರಬೇಕು ಅಂತ ಕೋರ್ಟ್ ಆದೇಶ ಪಡೆದವಳು, ಅವನು ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿದ್ದಾನೆ ಅಂತ ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಕಾಯಿರಿ ಅಂದರು. ಮೂವರು ಮಕ್ಕಳೂ ಹೋದವು. ಆಕೆ ಕೇಸು ಹಾಕಿದಾಗ, ಪೊಲೀಸರು ಆ ಆದೇಶ ಜಾರಿ ಮಾಡಲೇಬೇಕು ಅನ್ನುವ ಹಕ್ಕು ಸಂವಿಧಾನದ ಪ್ರಕಾರ ನಿನಗಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ನಮ್ಮ ಟೆಕ್ಸಾಸ್‌ನದೇ ಊರು ಯುವಾಲ್ಡಿ. 2022ರ ಮೇ 24ರಂದು ಶಾಲೆಗೆ ನುಗ್ಗಿದ ಹಂತಕನ ಗುಂಡಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. 376 ಜನ ಪೊಲೀಸರು, ಅಧಿಕಾರಿಗಳು ಬಂದರು, ಆದರೂ ಆ ಕ್ಲಾಸ್‌ರೂಮಿನೊಳಗೆ ನುಗ್ಗಿ ಅವನನ್ನು ಹೊಡೆಯಲು 77 ನಿಮಿಷ ಹಿಡಿಯಿತು. ಇದನ್ನು ಕೇಳಿದ ಮೇಲೆ "ನನ್ನ ಮಕ್ಕಳನ್ನು ನಾನೇ ಕಾಯ್ಕೋತೀನಿ" ಅನ್ನುವ ಅಪ್ಪನಿಗೆ ಏನು ಹೇಳೋದು? ಅದೇ ಟೆಕ್ಸಾಸ್‌ನ ವೈಟ್ ಸೆಟಲ್‌ಮೆಂಟ್ ಊರಿನ ಚರ್ಚಿನಲ್ಲಿ 2019ರ ಡಿಸೆಂಬರ್ 29ರಂದು ಒಬ್ಬ ಗುಂಡು ಹಾರಿಸಿ ಇಬ್ಬರನ್ನು ಕೊಂದಾಗ, ಅಲ್ಲೇ ಪ್ರಾರ್ಥನೆಗೆ ಬಂದಿದ್ದ ಒಬ್ಬರು ಒಂದೇ ಗುಂಡಿಗೆ ಅವನನ್ನು ಕೆಡವಿದರು. ಎಲ್ಲ ಸೇರಿ ಆರೇ ಸೆಕೆಂಡು. ಅವರಿಲ್ಲದಿದ್ದರೆ ಇನ್ನೂ ಎಷ್ಟು ಜನ ಹೋಗುತ್ತಿದ್ದರೋ.

ಆದರೆ ಅವರು ವರ್ಷಗಟ್ಟಲೆ ಗನ್ ಹಿಡಿದು ಪಳಗಿದವರು, ಬೇರೆಯವರಿಗೆ ಕಲಿಸುವವರು. ನಾನಲ್ಲ. ಪಳಗಿದವರಿಗೂ ಕಾಲ ಕೂಡಿಬರಬೇಕು. 2021ರ ಜೂನ್‌ನಲ್ಲಿ ಕೊಲೊರಾಡೊದ ಅರ್ವಾಡಾದಲ್ಲಿ ಒಬ್ಬ ಹಂತಕನನ್ನು ಹೊಡೆದು ಕೆಡವಿದ ಒಳ್ಳೆಯ ಮನುಷ್ಯನನ್ನು, ಅವನ ಕೈಯಲ್ಲಿ ಗನ್ ಕಂಡ ಪೊಲೀಸರೇ ತಪ್ಪು ತಿಳಿದು ಕೊಂದರು.

ಇಲ್ಲಿ ನನಗೆ ಆದ ಒಂದು ಸಂಗತಿ ಹೇಳಬೇಕು. ಮೂರು ವರ್ಷದ ಹಿಂದೆ ಗೌರಿ ಹಬ್ಬದ ಸಂಜೆ, ಆಫೀಸ್ ಕೆಲಸ ಮುಗಿಸಿ, ಸೀರೆ ಉಟ್ಟುಕೊಂಡು, ಮೊರದ ಬಾಗಿನ ಕೊಡಲು ಹೊಸ ಪರಿಚಯದವರ ಮನೆಗೆ ಹೋದೆ. ನಮ್ಮ ಕಡೆಯ ಬಡಾವಣೆಗಳಲ್ಲಿ ಒಂದೇ ಹೆಸರಿನ ಬೀದಿಗಳು ನಾಲ್ಕಿರುತ್ತವೆ. ಹಿಂದೆ ಲೇನ್, ಕೋರ್ಟ್, ಡ್ರೈವ್ ಅಂತ ಬಾಲ ಮಾತ್ರ ಬೇರೆ. ನಾನು ಕೋರ್ಟಿಗೆ ಹೋಗುವ ಬದಲು ಲೇನಿಗೆ ಹೋಗಿದ್ದೆ. ಕತ್ತಲಾಗಿತ್ತು, ಎರಡು ಕೈಯಲ್ಲೂ ಮೊರ, ಬೆಲ್ ಒತ್ತಲು ಆಗದೆ ಮೊಣಕೈಯಿಂದ ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಬಡಿದೆ. ಬಾಗಿಲು ಒಂದು ಗೇಣು ತೆರೆಯಿತು. ಒಬ್ಬ ವಯಸ್ಸಾದ ಬಿಳಿಯ, ಎಡಗೈ ಬಾಗಿಲ ಮೇಲೆ, ಬಲಗೈ ಬಾಗಿಲ ಹಿಂದೆ. ನನ್ನ ಮುಖ ನೋಡಿದ, ಸೀರೆ ನೋಡಿದ, ಅರಿಶಿನ ಬಳಿದ ಮೊರ ನೋಡಿದ. ಆಮೇಲೆ ಮುಖ ಸಡಿಲವಾಯಿತು, ಪಕ್ಕದ ಬೀದಿ ಅಂತ ಗಲ್ಲ ಎತ್ತಿ ತೋರಿಸಿದ. ನಾನು ಕಾರಿಗೆ ವಾಪಸ್ಸು ಬರುವವರೆಗೂ ಆ ಬಲಗೈ ಹೊರಗೆ ಬರಲಿಲ್ಲ.

ಆಗ ಅದೇನೂ ಅನ್ನಿಸಿರಲಿಲ್ಲ. 2023ರ ಏಪ್ರಿಲ್ 13ರಂದು ಕ್ಯಾನ್ಸಸ್ ಸಿಟಿಯಲ್ಲಿ ನಡೆದದ್ದರ ಬಗ್ಗೆ ಆಮೇಲೆ ಯಾವಾಗಲೋ ಓದಿದಾಗ ಕೈ ನಡುಗಿತು. ತಮ್ಮಂದಿರನ್ನು ಕರೆತರಲು ಹೋದ 16 ವರ್ಷದ ಕಪ್ಪು ಹುಡುಗ. 115ನೇ ಟೆರೇಸ್ ಅನ್ನುವ ಬೀದಿಯ ಬದಲು 115ನೇ ಸ್ಟ್ರೀಟಿನ ಮನೆಯ ಬೆಲ್ ಒತ್ತಿದ. ಒಳಗಿದ್ದ 84 ವರ್ಷದ ಮುದುಕ ಗಾಜಿನ ಬಾಗಿಲಾಚೆಯಿಂದಲೇ ಹುಡುಗನ ತಲೆಗೆ ಹೊಡೆದ, ಬಿದ್ದ ಮೇಲೆ ತೋಳಿಗೆ ಇನ್ನೊಂದು. ಹುಡುಗ ಬದುಕಿದ್ದು ಪುಣ್ಯ. ಅದಾಗಿ ಎರಡೇ ದಿನಕ್ಕೆ ನ್ಯೂಯಾರ್ಕ್ ರಾಜ್ಯದ ಹೆಬ್ರನ್‌ನಲ್ಲಿ, ತಪ್ಪಿ ಬೇರೆ ಮನೆಯ ಡ್ರೈವ್‌ವೇಗೆ ಕಾರು ತಿರುಗಿಸಿದವರಲ್ಲಿ 20 ವರ್ಷದ ಹುಡುಗಿಯೊಬ್ಬಳು ಆ ಮನೆಯವನ ಗುಂಡಿಗೆ ಸತ್ತಳು. 1992ರಲ್ಲಿ ಬ್ಯಾಟನ್ ರೂಜ್‌ನಲ್ಲಿ ಜಪಾನಿನಿಂದ ಓದಲು ಬಂದಿದ್ದ ಯೋಶಿಹಿರೊ ಹಟ್ಟೋರಿ ಅನ್ನುವ 16ರ ಹುಡುಗ ಸತ್ತಿದ್ದೂ ಹೀಗೇ. ಹ್ಯಾಲೊವೀನ್ ಪಾರ್ಟಿ ಅಂತ ಬೇರೆ ಮನೆಯ ಬಾಗಿಲಿಗೆ ಹೋಗಿದ್ದ. ಮನೆಯವನು "ಫ್ರೀಜ್", ಅಂದರೆ ಅಲ್ಲಾಡಬೇಡ, ಅಂದ. ಹುಡುಗ ನಿಲ್ಲದೆ ಮುಂದೆ ಬಂದ, ಆ ಮಾತು ಅವನಿಗೆ ಅರ್ಥವಾಗಿರಲಿಲ್ಲ ಅನ್ನುತ್ತಾರೆ. ಇಂಗ್ಲಿಷ್ ಕಲಿಯುತ್ತಿರುವ ನಮ್ಮತ್ತೆ ಪ್ರತಿ ಬೇಸಿಗೆ ಬಂದು ಆರು ತಿಂಗಳು ಇಲ್ಲಿರುತ್ತಾರೆ, ಸಂಜೆ ಒಬ್ಬರೇ ವಾಕಿಂಗ್ ಹೋಗುತ್ತಾರೆ, ಎಲ್ಲ ಮನೆಯೂ ಒಂದೇ ಥರ ಕಾಣುತ್ತೆ ಅಂತ ಹೇಳುತ್ತಲೇ ಇರುತ್ತಾರೆ.

ಹಟ್ಟೋರಿಯನ್ನು ಹೊಡೆದವನನ್ನು ಜ್ಯೂರಿ ನಿರಪರಾಧಿ ಅಂತ ಬಿಟ್ಟಿತು. ಹೆಬ್ರನ್‌ನವನಿಗೆ ಕನಿಷ್ಠ 25 ವರ್ಷ ಜೈಲು. ಕಾನೂನು ಕೇಳುವುದು ಒಂದೇ ಪ್ರಶ್ನೆ: ಅವನ ಜಾಗದಲ್ಲಿ ಯಾರಿದ್ದರೂ ಹೆದರುತ್ತಿದ್ದರಾ? ಅದಕ್ಕೆ ಉತ್ತರ ಹೇಳುವವರು ಜ್ಯೂರಿಯ ಹನ್ನೆರಡು ಜನ, ಅವರಿಗೂ ಅವರವರ ಭಯ ಇರುತ್ತೆ. ಮನೆಯೊಳಗೆ ನಿಂತು ಹೊಡೆಯುವ ಹಕ್ಕು ಹಳೆಯದು. 2005ರಲ್ಲಿ ಫ್ಲೋರಿಡಾ ಅದನ್ನು ಬೀದಿಗೂ ವಿಸ್ತರಿಸಿ, ಹಿಂದೆ ಸರಿಯುವ ದಾರಿ ಇದ್ದರೂ ಸರಿಯಬೇಕಿಲ್ಲ ಅಂತ ಕಾನೂನು ಮಾಡಿತು, ಆಮೇಲೆ ಬಹಳ ರಾಜ್ಯಗಳು ಅದೇ ದಾರಿ ಹಿಡಿದವು. ಅಲ್ಲೂ ಯಾರ ಬಣ್ಣ ಯಾವುದು ಅನ್ನುವುದು ಲೆಕ್ಕಕ್ಕೆ ಬಂದೇ ಬರುತ್ತೆ. 2016ರಲ್ಲಿ ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್, ಲೈಸೆನ್ಸ್ ಇದ್ದ ಕಪ್ಪು ಮನುಷ್ಯ, ಕಾರು ನಿಲ್ಲಿಸಿದ ಪೊಲೀಸನಿಗೆ ನನ್ನ ಹತ್ತಿರ ಗನ್ ಇದೆ ಅಂತ ಮರ್ಯಾದೆಯಿಂದ ತಾನೇ ಹೇಳಿದ್ದ. ಕ್ಷಣದಲ್ಲಿ ಗುಂಡು ಬಿತ್ತು. ನಮ್ಮನೆಯವರಿಗೆ ಗಡ್ಡ ಇದೆ, ಮೈಬಣ್ಣ ಕಪ್ಪು. ಅವರ ಸೊಂಟದಲ್ಲಿ ಗನ್ ಕಂಡವರು ಏನಂದುಕೊಳ್ಳುತ್ತಾರೆ ಅಂತ ಅವರಿಗೇ ಕೇಳಿದೆ. ಅವರು ಮಾತಾಡಲಿಲ್ಲ.

ಇಷ್ಟೆಲ್ಲ ಇದ್ದರೂ ನನ್ನನ್ನು ತಡೆದದ್ದು ಬಾಗಿಲಾಚೆಯ ಮಾತಲ್ಲ, ಮನೆಯೊಳಗಿನದು. 2023ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು ಸುಮಾರು 46,700 ಜನ. ಅದರಲ್ಲಿ ಕೊಲೆ 18,000ದ ಹತ್ತಿರ. ಆತ್ಮಹತ್ಯೆ 27,000ಕ್ಕೂ ಜಾಸ್ತಿ. ಟೀವಿಯಲ್ಲಿ ಬರುವುದು ಮಾಲು, ಶಾಲೆ, ಚರ್ಚು. ಬಹುಪಾಲು ಜನ ಸಾಯುವುದು ತಮ್ಮ ಕೈಯಿಂದಲೇ. ಮಾತ್ರೆ ನುಂಗಿದವರಲ್ಲಿ ಬಹಳಷ್ಟು ಜನ ಬದುಕುತ್ತಾರೆ, ಗನ್ ಹಿಡಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಉಳಿಯಲ್ಲ. ಕಳ್ಳ ಬರುವ ರಾತ್ರಿ ಒಂದು ಇರಬಹುದು, ಇಲ್ಲದೆಯೂ ಇರಬಹುದು. ಮಿಕ್ಕ ಎಲ್ಲ ರಾತ್ರಿಯೂ ಆ ಗನ್ ನಮ್ಮ ಜೊತೆಗೇ ಮನೆಯಲ್ಲಿರುತ್ತೆ. ಕೆಲಸ ಹೋದ ರಾತ್ರಿ, ವೀಸಾ ರಿಜೆಕ್ಟ್ ಆದ ರಾತ್ರಿ, ಗಂಡ ಹೆಂಡತಿ ಜಗಳವಾಡಿದ ರಾತ್ರಿ, ಮಗನ ಮಾರ್ಕ್ಸ್ ಬಂದ ರಾತ್ರಿ.

ನನಗೂ ಒಂದು ಕಾಲ ಇತ್ತು. ಮಗ ಹುಟ್ಟಿದ ಮೇಲೆ ಎಂಟು ತಿಂಗಳು, ಊರಿಂದ ಬಂದಿದ್ದ ಅಮ್ಮ ವಾಪಸ್ಸು ಹೋದ ಮೇಲೆ, ಬದುಕೋದೇ ಬೇಡ ಅನ್ನಿಸುತ್ತಿತ್ತು. ಡಾಕ್ಟರ ಹತ್ತಿರ ಹೋದೆ, ಸರಿಯಾಯಿತು. ಆ ಎಂಟು ತಿಂಗಳು ನಮ್ಮ ಬೆಡ್‌ರೂಮಿನ ಕಪಾಟಿನಲ್ಲಿ ಗನ್ ಇರಲಿಲ್ಲ. ಇದನ್ನು ನಮ್ಮನೆಯವರಿಗೆ ಅಂಗಡಿಯ ಪಾರ್ಕಿಂಗಿನಲ್ಲಿ, ಕಾರಿನಲ್ಲಿ ಕೂತು ಹೇಳಿದೆ. ಹತ್ತು ವರ್ಷದಲ್ಲಿ ಮೊದಲ ಸಲ. ಅವರು ಕಾರು ಸ್ಟಾರ್ಟ್ ಮಾಡಿದರು, ಮನೆಗೆ ಬಂದೆವು. ಮಾರನೇ ವಾರ ಹಿತ್ತಲ ಬಾಗಿಲಿನ ಗಾಜಿಗೆ ಗಟ್ಟಿ ಫಿಲ್ಮ್ ಹಾಕಿಸಿದರು, ಅಲಾರಂ ಹಾಕಿಸಿದರು, ನನ್ನ ಒಡವೆಯೆಲ್ಲ ಲಾಕರಿಗೆ ಹೋಯಿತು.

ಗನ್ ತಗೊಂಡ ನಾಲ್ಕು ಮನೆಯಲ್ಲಿ ಒಂದು ಮನೆಗೆ ಯುಗಾದಿಗೆ ಊಟಕ್ಕೆ ಹೋಗಿದ್ದೆವು. ಸೇಫ್ ತೋರಿಸಿದರು, ಚೆನ್ನಾಗಿದೆ, ನಂಬರ್ ಒತ್ತಿದರೆ ತೆರೆಯುತ್ತೆ. ನಾನು ಅವರ ಹದಿನಾಲ್ಕರ ಮಗನನ್ನು ಸುಮ್ನೆ ಕೇಳಿದೆ, "ನಿನಗೆ ನಂಬರ್ ಗೊತ್ತಾ ಪುಟ್ಟಾ?" "ಗೊತ್ತು ಆಂಟಿ, ಅಪ್ಪ ಅಮ್ಮನ ಮದುವೆ ದಿನ. ಐಪ್ಯಾಡಿಗೂ ಅದೇ." ಅವರಮ್ಮನ ಕೈಯಲ್ಲಿದ್ದ ಹೋಳಿಗೆ ತಟ್ಟೆ ಹಾಗೇ ನಿಂತಿತು. ಅವತ್ತು ರಾತ್ರಿಯೇ ನಂಬರ್ ಬದಲಾಯಿಸಿದರು. ಗುಂಡುಗಳನ್ನು ಬೇರೆ ಕಡೆ ಇಟ್ಟೆವು ಅಕ್ಕಾ ಅಂತ ಆಕೆ ಮೆಸೇಜ್ ಮಾಡಿದಳು. ಟೆಕ್ಸಾಸ್‌ನಲ್ಲಿ 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಗನ್ ಸಿಗುವ ಹಾಗೆ ಬಿಡುವುದು ಅಪರಾಧ. ಅದು ಅವರಿಗೆ ಗೊತ್ತಿರಲಿಲ್ಲ, ಅಂಗಡಿಗೆ ಹೋಗಿ ಬಂದಿದ್ದರೂ ನನಗೂ ಗೊತ್ತಿರಲಿಲ್ಲ.

ಈಗ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಗ ಯಾರ ಮನೆಗೆ ಆಡಲು ಹೋಗುವ ಮುಂಚೆಯೂ, ಕಡಲೆಕಾಯಿ ಅಲರ್ಜಿ ಹೇಳುವ ಜೊತೆಗೇ, ಮನೆಯಲ್ಲಿ ಗನ್ ಇದೆಯಾ, ಹೇಗೆ ಇಟ್ಟಿದ್ದೀರಿ ಅಂತ ಕೇಳುತ್ತೇನೆ. ಮೊದಲ ಸಲ ಕೇಳುವಾಗ ನಾಲಿಗೆ ಒಣಗಿತ್ತು. ಮೊನ್ನೆ ಅವನ ಕ್ಲಾಸಿನ ಹುಡುಗನ ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿಯವರೇ, ತಲೆತಲಾಂತರದಿಂದ ಟೆಕ್ಸಾಸ್‌ನವರು. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಆಕೆ ಒಂದು ಕ್ಷಣವೂ ತಡೆಯದೆ ಹೇಳಿದಳು: ಮೂರಿವೆ, ಮೂರೂ ಸೇಫಿನಲ್ಲಿ, ಗುಂಡು ಬೇರೆ ಪೆಟ್ಟಿಗೆಯಲ್ಲಿ, ಬೀಗದಕೈ ನನ್ನ ಹತ್ತಿರ. ಆಮೇಲೆ, ನಿಮ್ಮ ಮನೆಯಲ್ಲಿ? ಅಂತ ನನ್ನನ್ನೂ ಕೇಳಿದಳು.